ಟಕ್ ಅಂದಿದ್ದು ನಾನಲ್ಲ

ನನ್ನ ಬಾಯಿಯನ್ನು ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ನಂಬಬಾರದು ಕೂಡ. ಕಮ್ಮರಡಿಯ ಹೋಟೆಲಿನ ಹಿಂದೆ ನಿಂತು ಬೆಳಗಿನ ಬಸ್ಸಿನ ಹಾರ್ನನ್ನು ಬಸ್ಸಿಗಿಂತ ಮೊದಲೇ ಹೊಡೆದು, ಒಳಗೆ ಕೂತವರೆಲ್ಲ ಅರ್ಧ ಕಾಫಿ ಬಿಟ್ಟು ಚೀಲ ಹೊತ್ತು ಓಡಿಬರುವಂತೆ ಮಾಡಿದವನು ನಾನು. ಕುಕ್ಕರಿನ ಸೀಟಿ ಹಾಕಿ ದೊಡ್ಡಮ್ಮನ ಕೈಯಲ್ಲಿ ಬೇಯದ ಬೇಳೆ ಇಳಿಸಿದ್ದೇನೆ. ಯಾರೂ ಸಿಗದ ದಿನ ನನ್ನನ್ನೇ ನಾನು ಆಡಿಕೊಳ್ಳುತ್ತೇನೆ: ಬಿ.ಕಾಂ.ನ ಒಂದು ಪೇಪರನ್ನು ಮತ್ತೆ ಮತ್ತೆ ಬರೆದು ಪಾಸಾದವನು, ಹೆಣ್ಣಿನ ಕಡೆಯವರು 'ಎಂತ ಮಾಡ್ಕೊಂಡಿದ್ದೀರಿ' ಎಂದು ಕೇಳಿದಾಗ ಗಂಟಲು ಸರಿ ಮಾಡಿಕೊಂಡು 'ಕೃಷಿ' ಅನ್ನುವ ಆ ಗಂಭೀರ ಧ್ವನಿ. ಆ ಐಟಮ್ಮಿಗೆ ಎಲ್ಲ ಮದುವೆ ಮನೆಗಳಲ್ಲೂ ಬೇಡಿಕೆ ಇದೆ. ಹೆಣ್ಣಿನ ಮನೆಗಳಲ್ಲಿ ಮಾತ್ರ ಇಲ್ಲ.

ಆದರೆ ನನಗೆ ಹೆಸರು ತಂದ ಐಟಂ ದೊಡ್ಡಪ್ಪನ ಲಾರಿ. ನಮ್ಮ ಮನೆ, ದೊಡ್ಡಪ್ಪನ ಮನೆ ಎರಡಕ್ಕೂ ಒಂದೇ ಅಂಗಳ. ಅಂಗಳದ ತುದಿಯ ಶೆಡ್ಡಿನಲ್ಲಿ ಆ ಲಾರಿ. ಈಗಿನ ಲಾರಿಗಳ ಹಾಗೆ ಚಪ್ಪಟೆ ಮುಖದ್ದಲ್ಲ. ಬಾನೆಟ್ಟು ಮುಂದಕ್ಕೆ ಚಾಚಿಕೊಂಡ ಮೂತಿ ಲಾರಿ. ವಯಸ್ಸಿನಲ್ಲಿ ನನ್ನ ಅಪ್ಪನಿಗಿಂತ ಸ್ವಲ್ಪ ಚಿಕ್ಕದು, ಸಿಟ್ಟಿನಲ್ಲಿ ಅಪ್ಪನಿಗಿಂತ ದೊಡ್ಡದು. ದೊಡ್ಡಪ್ಪ ಅದನ್ನು ಪ್ರಾಯದಲ್ಲಿ ತಂದವರು, ಬೇರೆ ಯಾರ ಕೈಗೂ ಸ್ಟೇರಿಂಗ್ ಕೊಟ್ಟವರಲ್ಲ. ಈಗ ಅದಕ್ಕೆ ದೊಡ್ಡ ಕೆಲಸವೇನಿಲ್ಲ. ಒಮ್ಮೆ ಗೊಬ್ಬರ, ಒಮ್ಮೆ ಜಲ್ಲಿ, ನೆಂಟರ ಮನೆಯಲ್ಲಿ ಕಾರ್ಯವಿದ್ದರೆ ನಮ್ಮ ಮನೆಯ ದೊಡ್ಡ ಹಂಡೆ ಕೊಪ್ಪರಿಗೆಗಳು.

ಸ್ಟಾರ್ಟ್ ಆಗುವಾಗ ಅದು ಕೆಮ್ಮುವುದು, ಮೊದಲ ಗೇರಿನ ನರಳಾಟ, ಬ್ರೇಕಿನ ಸೀನು, ಎಲ್ಲವೂ ನನಗೆ ಬಾಯಿಪಾಠ. ಪಕ್ಕದ ಸೀಟಿನಲ್ಲಿ ಕೂತು ತುಟಿ ಅಲ್ಲಾಡಿಸದೆ ಒಂದೆರಡು ಹೊಸ ಶಬ್ದ ಸೇರಿಸುವುದು ನನ್ನ ಚಾಳಿ. ದೊಡ್ಡಪ್ಪ ಗಾಡಿ ನಿಲ್ಲಿಸುವರು, ಕೆಳಗೆ ಬಗ್ಗಿ ನೋಡುವರು, ಚಕ್ರಕ್ಕೆ ಒದೆಯುವರು, ಮತ್ತೆ ಹತ್ತಿ ನನ್ನ ಮುಖ ನೋಡುವರು. ನಾನು ಕಿಟಕಿಯಾಚೆ ಹಕ್ಕಿ ನೋಡುತ್ತಿರುತ್ತಿದ್ದೆ.

ಹೀಗಿರುವಾಗ ಈ ಸಲದ ಬೇಸಿಗೆಯಲ್ಲಿ ಲಾರಿ ತಾನೇ ಒಂದು ಶಬ್ದ ಶುರು ಮಾಡಿತು.

ಶೆಡ್ಡಿನಿಂದ ಹಿಂದಕ್ಕೆ ತೆಗೆದು, ಮೊದಲ ಗೇರಿಗೆ ಹಾಕಿ, ದೊಡ್ಡಪ್ಪ ಕ್ಲಚ್ ಬಿಟ್ಟಾಗ ನಮ್ಮ ಕಾಲ ಕೆಳಗೆಲ್ಲೋ 'ಟಕ್' ಅಂತು.

"ಇಳಿ ಕೆಳಗೆ," ಅಂದರು ದೊಡ್ಡಪ್ಪ.

"ನಾನಲ್ಲ ದೊಡ್ಡಪ್ಪ."

"ಹೋದ ವಾರವೂ ನಾನಲ್ಲ ಅಂದಿದ್ದೆ."

"ಹೋದ ವಾರ ನಾನೇ. ಇವತ್ತು ನಾನಲ್ಲ."

"ಮಾರಾಯ, ನನ್ನ ಲಾರಿ ಶಬ್ದ ನಂಗೆ ಗೊತ್ತಿಲ್ವಾ? ಇದು ನಿನ್ನ ಬಾಯಿಯದ್ದೇ."

ಜಗಲಿಯಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದವರು ದೊಡ್ಡಮ್ಮ. ಅವರು ಕೂತಿದ್ದೂ ಜಗಲಿಯ ಒಂದು ಮೂಲೆಯಲ್ಲಿ, ಯಾಕೆಂದರೆ ಉಳಿದ ಜಗಲಿಯನ್ನೆಲ್ಲ ಅವರು ಹೊಸದಾಗಿ ತರಿಸಿದ ಅಡಿಕೆ ಸುಲಿಯುವ ಮಿಷನ್ನು ಆಕ್ರಮಿಸಿಕೊಂಡಿತ್ತು. ಟಾರ್ಪಾಲು ಹೊದ್ದು ನಿಂತ ಅದನ್ನು ಬಂದವರೆಲ್ಲ ಸುತ್ತು ಹಾಕಿ ಒಳಗೆ ಹೋಗಬೇಕಿತ್ತು, ದೇವರಿಗೆ ಪ್ರದಕ್ಷಿಣೆ ಹಾಕಿದ ಹಾಗೆ.

"ಜಗಳ ಎಂತಕ್ಕೆ?" ಅಂದರು ದೊಡ್ಡಮ್ಮ. "ಅವನ ಬಾಯಿಗೆ ಎಂತಾದ್ರೂ ತುರುಕಿ ನೋಡಿ. ಬಾಯಿ ತುಂಬಿದ ಮೇಲೂ ಟಕ್ ಅಂದ್ರೆ ಲಾರಿ. ಅನ್ನದಿದ್ರೆ ಮಾಣಿ."

ದೊಡ್ಡಪ್ಪ ತಮ್ಮ ಎಲೆ ಸಂಚಿ ಬಿಚ್ಚಿ, ಇಷ್ಟು ದೊಡ್ಡ ಕವಳ ಕಟ್ಟಿ ನನ್ನ ಬಾಯಿಗೆ ಒತ್ತಿದರು. ಕೆನ್ನೆ ಎರಡೂ ಉಬ್ಬಿದವು. ಗಾಡಿ ಹಿಂದೆ ಹೋಯಿತು, ಮುಂದಿನ ಗೇರು ಬಿತ್ತು. ಟಕ್.

ನಾನು ಎರಡೂ ಕೈ ಮೇಲೆತ್ತಿದೆ. ಗದ್ದದ ಮೇಲೆ ಕೆಂಪು ರಸ ಇಳಿಯುತ್ತಿತ್ತು.

"ಮೂಗಲ್ಲಿ ಮಾಡ್ತಾನೆ," ಅಂದರು ದೊಡ್ಡಪ್ಪ, ಸೋಲೊಪ್ಪದೆ.

ದೊಡ್ಡಮ್ಮ ಜಗಲಿ ಇಳಿದು ಬಂದು, ಕಿಟಕಿಯೊಳಗೆ ಕೈ ಹಾಕಿ ನನ್ನ ಮೂಗು ಹಿಡಿದರು. "ಈಗ ತೆಗೀರಿ ನೋಡುವಾ."

ಟಕ್.

ಮೂಗು ಬಿಟ್ಟು, ಕೈಯನ್ನು ನನ್ನ ಅಂಗಿಗೇ ಒರೆಸಿ, ದೊಡ್ಡಮ್ಮ ತೀರ್ಪು ಹೇಳಿದರು. ಅವರ ತಮ್ಮ ನರಸಿಂಹರಾಜಪುರದಲ್ಲಿ ಮನೆ ಕಟ್ಟಿಸಿದ್ದ. ಮುಂದಿನ ವಾರ ಒಕ್ಕಲು, ಅಂದರೆ ಗೃಹಪ್ರವೇಶ. ಕೊಪ್ಪರಿಗೆ ಹಂಡೆಗಳೆಲ್ಲ ನಮ್ಮಲ್ಲಿಂದಲೇ ಹೋಗಬೇಕು.

"ನಾನೂ ಇದ್ರಲ್ಲೇ ಬತ್ತೆ," ಅಂದರು. "ಹೋಗಿ ಮುಟ್ಟುವ ತನಕ ಇದು ಎಲ್ಲೂ ನಿಲ್ಬಾರದು, ಹೀಗೆಲ್ಲ ಶಬ್ದ ಮಾಡ್ಬಾರದು. ಮಾಡಿದ್ರೆ, ಎನ್ನಾರ್ ಪುರದ ಗುಜರಿಯವ ದಾರಿ ಬದಿಯಲ್ಲೇ ಇದ್ದಾನೆ. ಅವನಿಗೇ ಕೊಟ್ಟು, ಬಸ್ಸಲ್ಲಿ ಬರುವ. ಶೆಡ್ಡು ನನ್ನ ಮಿಷನ್ನಿಗೆ."

"ಮಾರಾಯ್ತಿ, ಅದು ಮೂರು ತಲೆಮಾರಿನ ಸಾಮಾನು ಹೊತ್ತ ಗಾಡಿ!"

"ನಾನೂ ಹೊತ್ತಿದ್ದೇನೆ. ನನಗೆ ಜಗಲಿಯಲ್ಲಿ ಕೂರ್ಲಿಕ್ಕೆ ಜಾಗ ಇಲ್ಲ."

ಗುಜರಿಯವನು ಬೇರೆ ಆ ತಿಂಗಳು ಒಮ್ಮೆ ಬಂದು ಹೋಗಿದ್ದ. ದರ್ಜಿ ಅಳತೆ ತೆಗೆದ ಹಾಗೆ ಲಾರಿಯ ಸುತ್ತ ಬಂದು ಅಲ್ಲಲ್ಲಿ ಬೆರಳಲ್ಲಿ ಕುಟ್ಟಿ, 'ಒಳ್ಳೆ ಕಬ್ಬಿಣ' ಅಂದಿದ್ದ. ಆ ದಿನ ದೊಡ್ಡಪ್ಪ ಮಧ್ಯಾಹ್ನ ಊಟ ಮಾಡಿರಲಿಲ್ಲ.

ಚಕ್ರಗಳಿಗೆ ಕಲ್ಲು ಕೊಟ್ಟು ನಾವಿಬ್ಬರೂ ಗೋಣಿ ಹಾಸಿ ಲಾರಿ ಕೆಳಗೆ ಮಲಗಿದೆವು. ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಓಡುವ ಉದ್ದನೆ ಕೊಳವೆಯೇ ಜಾಯಿಂಟ್ ಶಾಫ್ಟು. ಅದರ ಎರಡು ತುದಿಗೂ ಕೂಡಿಸುವ ಚಿಹ್ನೆಯ ಆಕಾರದ ಒಂದೊಂದು ಕಬ್ಬಿಣದ ತುಂಡು ಇರುತ್ತದೆ. ಗ್ಯಾರೇಜಿನವರು ಅದಕ್ಕೆ ಕ್ರಾಸು ಅನ್ನುತ್ತಾರೆ. ಅದರ ನಾಲ್ಕು ಕೈಗೆ ನಾಲ್ಕು ಟೊಪ್ಪಿ, ಟೊಪ್ಪಿಯ ಒಳಗೋಡೆಗೆ ಸೂಜಿಯಂಥ ಸಣ್ಣ ಉರುಳೆಗಳ ಸಾಲು. ದಾರಿ ಎಷ್ಟು ಏರಿಳಿದರೂ ಶಾಫ್ಟು ಬಾಗಿ ಬಳುಕಿ ತಿರುಗುವುದು ಈ ಕ್ರಾಸಿನಿಂದಲೇ. ದೊಡ್ಡಪ್ಪ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿದರು. ಟಕ್ ಅಂತು. ಟೊಪ್ಪಿಯ ಅಂಚಿನಿಂದ ಕೆಂಪು ಪುಡಿ ನನ್ನ ಮುಖದ ಮೇಲೆ ಬಿತ್ತು.

"ಸೂಜಿ ಎಲ್ಲ ಪುಡಿಯಾಗಿದೆ," ಅಂದರು ದೊಡ್ಡಪ್ಪ. ಆಮೇಲೆ ಸಣ್ಣ ಧ್ವನಿಯಲ್ಲಿ, "ನೀನಲ್ಲ ಹಂಗಾರೆ."

"ಕ್ಷಮೆ ಕೇಳಿ."

"ಹೋದ ವಾರದ್ದು ಲೆಕ್ಕಕ್ಕೆ ಹಿಡಿದ್ರೆ ನೀನು ಕೇಳ್ಬೇಕು. ಸ್ಪ್ಯಾನರ್ ಕೊಡು."

ಬೋಲ್ಟುಗಳು ಬಿಡಲೊಲ್ಲದೆ ಕೂತಿದ್ದವು. ಸೀಮೆಎಣ್ಣೆ ಹಾಕಿದೆವು, ಕಾದೆವು, ಬೈದೆವು. ಬೈಗುಳಕ್ಕೆ ಮೊದಲಿನದು ಬಿಟ್ಟಿತು ಎಂದು ದೊಡ್ಡಪ್ಪ ಇವತ್ತಿಗೂ ನಂಬಿದ್ದಾರೆ. ಶಾಫ್ಟನ್ನು ಪೂರ್ತಿ ಕಳಚುವ ಮೊದಲು ಅವರು ಜೇಬಿನಿಂದ ಸೀಮೆಸುಣ್ಣ ತೆಗೆದು ಅದರ ನಡುವಿಗೆ ಒಂದು ಉದ್ದ ಗೆರೆ ಎಳೆದರು. ಆ ಶಾಫ್ಟು ಒಂದೇ ತುಂಡಲ್ಲ. ಕೊಡೆಯ ಕಡ್ಡಿಯ ಹಾಗೆ ಒಂದರೊಳಗೊಂದು ಜಾರುವ, ಉದ್ದಕ್ಕೂ ಹಲ್ಲು ಕೊರೆದ ಎರಡು ತುಂಡು.

"ಕಳಚಿ ಮತ್ತೆ ಕೂಡಿಸುವಾಗ ಈ ಗೆರೆಗೆ ಗೆರೆ ಸೇರ್ಬೇಕು," ಅಂದರು. "ಕ್ರಾಸು ಹಿಡಿಯುವ ಎರಡು ತುದಿಯ ಕವಲೂ ಒಂದೇ ಸಾಲಿಗೆ ನಿಲ್ಬೇಕು. ಒಂದು ಹಲ್ಲು ಆಚೀಚೆ ಆದ್ರೂ ಓಡುವಾಗ ಗಾಡಿ ನಡುಗ್ತದೆ. ನೆನಪಿಟ್ಕ."

ನಾನು ನೆನಪಿಟ್ಟುಕೊಂಡೆ. ಅವರ ಧ್ವನಿ, ಕಣ್ಣು ಕಿರಿದು ಮಾಡುವ ರೀತಿ, 'ಹಲ್ಲು' ಅನ್ನುವಾಗ ಇಲ್ಲದ ಹಲ್ಲಿನ ಸಂದಿಯಿಂದ ಬರುವ ಗಾಳಿ, ಎಲ್ಲವನ್ನೂ. ಹೇಳಿದ ವಿಷಯ ಒಂದು ಬಿಟ್ಟು.

ಸುತ್ತಿಗೆಯಲ್ಲಿ ಟೊಪ್ಪಿಗಳನ್ನು ಹೊಡೆದು ಹಳೆಯ ಕ್ರಾಸು ಎರಡನ್ನೂ ಬಿಡಿಸಿ, ಶಾಫ್ಟನ್ನು ಜಗಲಿಯ ಮೆಟ್ಟಿಲ ಹತ್ತಿರ ಇಟ್ಟು, ನನ್ನ ಬೈಕಿನಲ್ಲಿ ಕೊಪ್ಪಕ್ಕೆ ಹೊರಟೆವು. ದೊಡ್ಡಪ್ಪ ಹಿಂದೆ ಕೂತು ಕ್ರಾಸುಗಳ ಬಟ್ಟೆ ಚೀಲವನ್ನು ಬಾಣಂತಿಮನೆಯಿಂದ ತಂದ ಮಗುವಿನ ಹಾಗೆ ತೊಡೆಯ ಮೇಲೆ ಹಿಡಿದಿದ್ದರು. ಹೊಂಡ ಬಂದಲ್ಲೆಲ್ಲ "ನಿಧಾನ ಮಾರಾಯ." ನನಗಾಗಿ ಅಲ್ಲ, ಚೀಲಕ್ಕಾಗಿ.

ಕೊಪ್ಪದ ಸ್ಪೇರ್ ಅಂಗಡಿಯವನು ಕ್ರಾಸನ್ನು ಅಳತೆ ಮಾಡಿ, ಫೋನಿನಲ್ಲಿ ಫೋಟೋ ತೆಗೆದು, ಯಾರಿಗೋ ಕಳಿಸಿ, ನಮಗೆ ತೋರಿಸದ ಹಾಗೆ ನಕ್ಕ.

"ಇದು ಯಾವ ಗಾಡಿಯದು?"

ದೊಡ್ಡಪ್ಪ ಹೇಳಿದರು.

"ಅದು ಇನ್ನೂ ಓಡ್ತದಾ?"

"ಮನೆಯಿಂದ ಇಲ್ಲಿವರೆಗೆ ನಿನ್ನ ಬೈಕು ಹಿಂದಿಕ್ಕಿ ಬತ್ತದೆ," ಅಂದರು ದೊಡ್ಡಪ್ಪ. ಕ್ರಾಸು ಎರಡೂ ಬಿಚ್ಚಿ ಚೀಲದಲ್ಲಿವೆ ಅನ್ನುವುದು ಆ ಕ್ಷಣ ಅವರಿಗೆ ನೆನಪಿರಲಿಲ್ಲ.

ಅಲ್ಲಿ ಇಲ್ಲದ್ದಕ್ಕೆ ಎನ್.ಆರ್.ಪುರದ ಗುಜರಿಗೇ ಹೋದೆವು. ಹೋಗುವುದು ಬೇಡ ಎಂದು ದೊಡ್ಡಪ್ಪ ದಾರಿಯುದ್ದಕ್ಕೂ ಹೇಳುತ್ತಿದ್ದರು. ಇಳಿಯುವುದಂತೂ ಮೊದಲು ಅವರೇ ಇಳಿದರು. ಗುಜರಿಯವನಿಗೆ ನಮ್ಮನ್ನು ಕಂಡು ಹಬ್ಬ.

"ಕ್ರಾಸು ಎಂತಕ್ಕೆ ತಂದ್ರಿ? ಲಾರಿನೇ ತರೋದಲ್ವಾ?"

"ಇದೇ ಅಳತೆದು ಇದ್ಯಾ ಹೇಳಾ."

"ಇಲ್ಲ. ಈ ಮೂರು ತಾಲೂಕಲ್ಲಿ ಎಲ್ಲೂ ಇಲ್ಲ. ಹಳೆ ಲಾರಿಯ ಸಾಮಾನು ಎಷ್ಟಿತ್ತೋ ಎಲ್ಲ ತೂಕಕ್ಕೆ ಹಾಕ್ಸಿಕೊಂಡವ ನಾನು. ಶೃಂಗೇರಿಯ ಆ ಹಳೆ ಸ್ಪೇರ್ ಅಂಗಡಿಯದ್ದೂ ನಾನೇ ತಂದೆ. ಅಟ್ಟದ್ದು ಒಂದು ಬಿಟ್ಟು..." ಅನ್ನುತ್ತ ಬಾಯಿ ಮುಚ್ಚಿಕೊಂಡ. ತಡವಾಗಿತ್ತು. ದೊಡ್ಡಪ್ಪ ಆಗಲೇ ಬೈಕ್ ಹತ್ತಿ ಕೂತಿದ್ದರು, ಓಡಿಸುವವನು ಇನ್ನೂ ನೆಲದ ಮೇಲಿದ್ದ.

ಮಾರನೆಯ ಬೆಳಿಗ್ಗೆ ಶೃಂಗೇರಿ. ಹಳೆ ಸ್ಪೇರ್ ಅಂಗಡಿ ಎಂದು ಕೇಳಿಕೊಂಡು ಹೋದರೆ ಸಿಕ್ಕಿದ್ದು ಕುಂಕುಮ, ಹಿತ್ತಾಳೆ ದೀಪ, ಜಪಸರ, ಮಕ್ಕಳ ಪ್ಲಾಸ್ಟಿಕ್ ತುತ್ತೂರಿ ಮಾರುವ ಅಂಗಡಿ. ಯಾತ್ರಿಕರ ದೊಡ್ಡ ಗುಂಪು ನಿಂತಿತ್ತು. ಅಂಗಡಿಯವರು ಕನ್ನಡ, ತೆಲುಗು, ತಮಿಳು ಮೂರರಲ್ಲೂ ಒಂದೇ ದರ ಹೇಳುತ್ತಿದ್ದರು. ಅವರ ಅಪ್ಪಯ್ಯನ ಕಾಲದಲ್ಲಿ ಅದು ಲಾರಿ ಬಸ್ಸುಗಳ ಸಾಮಾನಿನ ಅಂಗಡಿಯಾಗಿತ್ತಂತೆ.

"ಅಪ್ಪಯ್ಯ ತೀರಿಕೊಂಡ ಮೇಲೆ ಬೋರ್ಡು ಬದಲು ಮಾಡಿದೆ," ಅಂದರು. "ಬೇರಿಂಗ್ ಕೇಳಿ ಬರುವವರು ವರ್ಷಕ್ಕೆ ಒಬ್ಬರು, ಕುಂಕುಮ ಕೇಳಿ ಬರುವವರು ದಿನಕ್ಕೆ ಇಷ್ಟು."

ನಾನು ಚೀಲದಿಂದ ಕ್ರಾಸು ತೆಗೆದೆ. ಅವರು ಅದನ್ನು ನೋಡಿದರು. ನಾನು ಅವರ ಗಲ್ಲಾದ ಮೇಲೆ ನೋಡಿದೆ. ಬಿಲ್ಲಿನ ಕಾಗದಗಳ ಮೇಲೆ, ಗಾಳಿಗೆ ಹಾರದ ಹಾಗೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು ಅಂಥದ್ದೇ ಇನ್ನೊಂದು ಕ್ರಾಸು. ಹೊಸದು! ನಾಲ್ಕೂ ಕೈ ಕನ್ನಡಿಯ ಹಾಗೆ ನುಣುಪು.

ದೊಡ್ಡಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಯಾಕೆಂದು ಕೇಳಬೇಡಿ.

"ಅಟ್ಟದಲ್ಲಿ ಇದರ ಜೋಡಿ ಉಂಟು, ಎರಡರ ಟೊಪ್ಪಿಗಳೂ ಅದೇ ಪೆಟ್ಟಿಗೆಯಲ್ಲಿ," ಅಂದರು ಅಂಗಡಿಯವರು. "ಅಡ್ಡಗದ್ದೆಯವರೊಬ್ಬರು ಹೇಳಿ ತರಿಸಿದ್ದರಂತೆ. ಸಾಮಾನು ಬರುವಷ್ಟರಲ್ಲಿ ಅವರು ಲಾರಿಯನ್ನೇ ಮಾರಿದ್ದರು. ಪೆಟ್ಟಿಗೆಯಲ್ಲಿರೋದನ್ನ ತಗೊಂಡು ಹೋಗಿ. ಇದನ್ನ ಮಾತ್ರ ಕೇಳ್ಬೇಡಿ."

"ನಮಗೆ ಎರಡೂ ಬೇಕಲ್ಲ," ಅಂದೆ.

"ಇಲ್ಲ ಮಾರಾಯ. ಈ ವ್ಯಾಪಾರ ಶುರು ಮಾಡಿದ ದಿನ ಇದನ್ನ ಇಲ್ಲಿ ಇಟ್ಟೆ. ಆವತ್ತಿನಿಂದ ಅಂಗಡಿ ಎದ್ದು ನಿಂತದೆ. ಪ್ರತಿ ಆಯುಧಪೂಜೆಗೆ ಮೊದಲ ಹೂವು ಇದಕ್ಕೇ. ಹೋದ ವರ್ಷ ಯಾರೋ ಯಾತ್ರಿಕರು ಇದು ಯಾವ ದೇವರ ಯಂತ್ರ ಅಂತ ಕೇಳಿ, ಕೈ ಮುಗಿದು ಹೋದ್ರು. ನಾನು ಇಲ್ಲ ಅನ್ನಲಿಲ್ಲ."

ದೊಡ್ಡಪ್ಪನ ಮುಖ ಇಳಿಯಿತು. ಅವರಿಗೆ ಕಣ್ಣ ಮುಂದೆ ಬಂದದ್ದು ಶೆಡ್ಡಿನೊಳಗೆ ಕಾಲು ಚಾಚಿ ನಿಂತ ಅಡಿಕೆ ಮಿಷನ್ನು. ಅವರು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಯಾತ್ರಿಕರೊಬ್ಬರು ಚಿಲ್ಲರೆ ಕಾಸು ಹಾಕಲು ಬಗ್ಗಿದರು, ನಾನು ತಡೆದೆ.

"ಒಂದು ಕೆಲಸ ಮಾಡುವ," ಅಂದೆ ಅಂಗಡಿಯವರಿಗೆ. "ಕಾಗದ ಹಾರದ ಹಾಗೆ ಹಿಡ್ಕೊಳ್ಳಿಕ್ಕೆ ಸೂಜಿ ಬೇರಿಂಗು ಬೇಡ. ನಮ್ಮ ಹಳೆ ಕ್ರಾಸು ಇಟ್ಕೊಳ್ಳಿ. ಅದೇ ಆಕಾರ, ಅದೇ ಭಾರ. ಮೇಲಿಂದ ಇದು ದುಡಿದ ಕ್ರಾಸು. ನಿಮ್ಮದು ಒಂದು ದಿನವೂ ತಿರುಗಿಲ್ಲ, ಸುಮ್ಮನೆ ಕೂತು ಹೂವು ಮುಡ್ಕೊಂಡಿದೆ. ನಮ್ಮದು ಎಷ್ಟು ಮದುವೆಯ ಕೊಪ್ಪರಿಗೆ ಎಳೆದಿದೆ ಗೊತ್ತಾ? ಪುಣ್ಯ ಯಾವುದರದ್ದು ಜಾಸ್ತಿ?"

ಹೇಳಿದ್ದು ನಾನೇ ಆದರೂ ಧ್ವನಿ ನನ್ನದಾಗಿರಲಿಲ್ಲ. ನಮ್ಮ ಮನೆಗೆ ಬರುವ ಪುರೋಹಿತರದ್ದು; ದಕ್ಷಿಣೆಗೆ ಮೊದಲು ಅವರು ಬಳಸುವ ಮೃದು ಧ್ವನಿ. ಅಂಗಡಿಯವರು ಬಹಳ ಹೊತ್ತು ಎರಡೂ ಕ್ರಾಸು ಕೈಯಲ್ಲಿ ಹಿಡಿದು ತೂಗಿದರು. ಕಡೆಗೆ ನಮ್ಮ ಹಳೆಯದನ್ನು ಒರೆಸಿ, ಗಲ್ಲಾದ ಮೇಲಿಟ್ಟು, ತಮ್ಮ ಸ್ಟಾಕಿನಿಂದಲೇ ಕುಂಕುಮ ಹಚ್ಚಿದರು. ಅಷ್ಟರಲ್ಲಿ ಒಂದು ಬಸ್ಸು ಬಂದು ನಿಂತು, ಇಳಿದವರೆಲ್ಲ ನೇರ ಅದೇ ಅಂಗಡಿಗೆ ನುಗ್ಗಿದರು.

"ತಗೊಂಡು ಹೋಗಿ, ಹೋಗಿ," ಅಂದರು ಅಂಗಡಿಯವರು, ನಾವೆಲ್ಲಿ ಮನಸ್ಸು ಬದಲಿಸುತ್ತೇವೋ ಎಂದು ಹೆದರಿ.

ಮನೆಗೆ ಬಂದಾಗ ಶಾಫ್ಟು ಮೆಟ್ಟಿಲ ಹತ್ತಿರ ಇರಲಿಲ್ಲ. ಅಂಗಳದ ಬಿಸಿಲಲ್ಲಿ, ಗೋಣಿಯ ಮೇಲೆ, ಎರಡು ತುಂಡಾಗಿ, ತೊಳೆದ ಹಂಡೆ ಕೊಪ್ಪರಿಗೆಗಳ ಸಾಲಿನಲ್ಲಿ ಒಣಗುತ್ತಿತ್ತು. ನಮ್ಮ ದೊಡ್ಡಮ್ಮನ ಮನೆಯಲ್ಲಿ ತೊಳೆಯದ ವಸ್ತು ಮೆಟ್ಟಿಲು ಹತ್ತುವಂತಿಲ್ಲ; ಕೊಪ್ಪರಿಗೆ ತಿಕ್ಕಲು ಕೂತವರು ಪಕ್ಕದಲ್ಲಿದ್ದ ಶಾಫ್ಟನ್ನೂ ಎಳೆದುಕೊಂಡು, ಒಂದರೊಳಗಿಂದ ಇನ್ನೊಂದನ್ನು ಜಗ್ಗಿ ತೆಗೆದು, ಸೀಗೆಪುಡಿ ಹಾಕಿ ತೆಂಗಿನ ನಾರಲ್ಲಿ ತಿಕ್ಕಿದ್ದರು.

"ಎಂತಾ ಜಿಡ್ಡು ಮಾರಾಯ್ರೆ! ಇಷ್ಟು ವರ್ಷ ಒಮ್ಮೆಯಾದ್ರೂ ತೊಳೆದಿದ್ರಾ?" ಅಂದರು ದೊಡ್ಡಮ್ಮ.

ದೊಡ್ಡಪ್ಪನಿಗೆ ಒಳಗೊಳಗೇ ಖುಷಿ. ಗುಜರಿಗೆ ಹೋಗಲಿ ಅಂದವಳೇ ಸ್ವಂತ ಕೈಯಿಂದ ತೊಳೆದಿದ್ದಾಳಲ್ಲ! ಶಾಫ್ಟಂತೂ ಆ ಲಾರಿಯಲ್ಲಿ ಹುಟ್ಟಿದಾಗಲೂ ಅಷ್ಟು ಹೊಳೆದಿರಲಿಕ್ಕಿಲ್ಲ. ಆ ಹೊಳಪಿನಲ್ಲಿ ಏನೋ ಒಂದು ಕಾಣೆಯಾಗಿದೆ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಕ್ರಾಸು ಕೂರಿಸುವುದು ತಾಳ್ಮೆಯ ಕೆಲಸ. ತಾಳ್ಮೆ ನಮ್ಮ ಕುಟುಂಬಕ್ಕೆ ಬಂದಿಲ್ಲ. ಟೊಪ್ಪಿಯೊಳಗೆ ಗ್ರೀಸು ಬಳಿದು, ಸೂಜಿಗಳನ್ನು ಒಂದೊಂದಾಗಿ ನಿಲ್ಲಿಸಿ, ಅಲುಗದ ಹಾಗೆ ಕವಲಿನ ತೂತಿಗೆ ಒತ್ತಬೇಕು. ಒಂದು ಸೂಜಿ ಅಡ್ಡ ಬಿದ್ದರೂ ಟೊಪ್ಪಿ ಪೂರ್ತಿ ಒಳಗೆ ಕೂರುವುದಿಲ್ಲ, ಲಾಕ್ ಹಾಕುವ ಕಚ್ಚು ಕಾಣುವುದೇ ಇಲ್ಲ. ನಮಗೆ ಪ್ರತಿ ಸಲವೂ ಒಂದು ಅಡ್ಡ ಬಿತ್ತು. ದೊಡ್ಡಪ್ಪ 'ಉಸಿರು ಬಿಡ್ಬೇಡ' ಅನ್ನುತ್ತಿದ್ದರು. ನಾನು ಅವರದೇ ಧ್ವನಿಯಲ್ಲಿ 'ಉಸಿರು ಬಿಡ್ಬೇಡ' ಅನ್ನುತ್ತಿದ್ದೆ. ಅವರಿಗೆ ನಗು ಬಂದು ಸುತ್ತಿಗೆ ಜಾರಿ ಸೂಜಿ ಬೀಳುತ್ತಿತ್ತು. ಕೊನೆಗೆ ದೊಡ್ಡಮ್ಮ ಬಂದು ನನ್ನನ್ನು ಎದ್ದು ಹೋಗು ಅಂದ ಮೇಲೆ ಎಂಟೂ ಟೊಪ್ಪಿ ಸರಸರ ಕೂತವು.

ಆಮೇಲೆ ಜಾರುವ ತುಂಡುಗಳನ್ನು ಒಂದರೊಳಗೊಂದು ಸೇರಿಸಿ, ಶಾಫ್ಟನ್ನು ಮೇಲೆತ್ತಿ, ಬೋಲ್ಟು ಬಿಗಿದು, ಊರ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆವು. ನಮ್ಮೂರ ರಸ್ತೆಯಲ್ಲಿ ಲಾರಿ ನಡೆದುಕೊಂಡೇ ಹೋಗಬೇಕು, ಓಡಲು ಹೊಂಡಗಳು ಬಿಡುವುದಿಲ್ಲ. ಹಿಂದೆ ಮುಂದೆ ಮಾಡಿದೆವು. ಟಕ್ ಇಲ್ಲ. ನಿಶ್ಶಬ್ದ. ದೊಡ್ಡಪ್ಪ ಅನುಮಾನದಿಂದ ನನ್ನ ಕಡೆ ತಿರುಗಿದರು.

"ನೀನು ಶಬ್ದ ತಡೆಯುವುದೂ ಕಲ್ತಿಲ್ಲ ಅಲ್ವಾ?"

ಒಕ್ಕಲಿನ ದಿನದ ಬೆಳಿಗ್ಗೆ ಹಿಂದೆ ಪಾತ್ರೆಗಳನ್ನು ಹುಲ್ಲಿನ ನಡುವೆ ಅಲುಗದ ಹಾಗೆ ಜೋಡಿಸಿ, ಹಗ್ಗ ಬಿಗಿದು ಹೊರಟೆವು. ದೊಡ್ಡಪ್ಪ ಸ್ಟೇರಿಂಗಿನಲ್ಲಿ, ದೊಡ್ಡಮ್ಮ ರೇಷ್ಮೆ ಸೀರೆಯಲ್ಲಿ ಕಿಟಕಿ ಹತ್ತಿರ, ನಾನು ನಡುವೆ. ದೊಡ್ಡಮ್ಮನ ತೊಡೆಯ ಮೇಲೆ ಹೆಸರುಂಡೆಯ ಸ್ಟೀಲ್ ಡಬ್ಬಿ. ಕೊಪ್ಪದವರೆಗೆ ಲಾರಿ ಒಳ್ಳೆ ಹುಡುಗನ ಹಾಗೆ ಬಂತು. ದೊಡ್ಡಪ್ಪ ಎದುರು ಬಂದ ಪ್ರತಿ ಬಸ್ಸಿಗೂ ಕೈ ಎತ್ತುತ್ತಿದ್ದರು. ದೊಡ್ಡಮ್ಮ ಏನೂ ಹೇಳಲಿಲ್ಲ. ಏನೂ ಹೇಳದಿದ್ದರೆ ನಮ್ಮಲ್ಲಿ ಅದು ಹೊಗಳಿಕೆ.

ಕೊಪ್ಪ ದಾಟಿದ ಮೇಲೆ ರಸ್ತೆ ಚೆನ್ನಾಗಿದೆ. ದೊಡ್ಡಪ್ಪನಿಗೆ ಹುರುಪು ಬಂದು ಆಕ್ಸಿಲರೇಟರ್ ಒತ್ತಿದರು.

ಗುಂ... ಗುಂ... ಗುಂ...

ಮೊದಲು ಪಾದಕ್ಕೆ ಬಂತು, ಆಮೇಲೆ ಸೀಟಿಗೆ, ಆಮೇಲೆ ಹಲ್ಲಿಗೆ. ನೆಲದಡಿಯಲ್ಲಿ ಯಾರೋ ದೊಡ್ಡ ದುಂಬಿ ಸಾಕಿದ ಹಾಗೆ. ನನ್ನ ಕಣ್ಣ ಮುಂದೆ ಗೋಣಿಯ ಮೇಲೆ ಒಣಗುತ್ತಿದ್ದ ಶಾಫ್ಟು ಬಂತು, ಅದರ ಮೇಲಿನ ಸೀಗೆಪುಡಿ ಬಂತು, ಅದರ ಮೇಲೆ ಇಲ್ಲದ ಸೀಮೆಸುಣ್ಣದ ಗೆರೆ ಬಂತು. ದೊಡ್ಡಪ್ಪನ ಕಣ್ಣ ಮುಂದೆಯೂ ಅದೇ ಬಂದಿರಬೇಕು. ಅವರ ಕಿವಿ ಕೆಂಪಾಯಿತು. ಯಾವುದೋ ಹಲ್ಲಿಗೆ ಯಾವುದೋ ಹಲ್ಲು ಸೇರಿಸಿದ್ದೆವು.

"ಶುರುವಾತಾ ನಿಂದು?" ಅಂದರು ದೊಡ್ಡಮ್ಮ, ಕಿಟಕಿಯಿಂದ ಕಣ್ಣು ತೆಗೆಯದೆ.

ನನಗೆ ಅಷ್ಟೇ ಸಾಕಾಯಿತು. ತುಟಿ ಮುಂದೆ ಚಾಚಿ, ಅವರಿಗೆ ಕಾಣುವ ಹಾಗೆಯೇ, ಹಿಡಿದೆ: "ಗುಂ... ಗುಂ... ಗುಂ..."

ಅಷ್ಟು ಭಕ್ತಿಯಿಂದ ನಾನು ಯಾರನ್ನೂ ಅನುಕರಿಸಿಲ್ಲ. ಏರಿನಲ್ಲಿ ಲಾರಿ ನಿಧಾನವಾದರೆ ನಾನೂ ನಿಧಾನ. ಇಳಿಜಾರಿನಲ್ಲಿ ಅದು ಜೋರಾದರೆ ನಾನೂ ಜೋರು. ಉಸಿರು ಕಟ್ಟಿ ನಿಲ್ಲಿಸಬೇಕಾದಾಗ ಮೊಣಕಾಲಿನಿಂದ ದೊಡ್ಡಪ್ಪನಿಗೆ ತಿವಿಯುತ್ತಿದ್ದೆ. ಅವರು ತಟ್ಟನೆ ಕಾಲು ಸಡಿಲಿಸುತ್ತಿದ್ದರು, ಲಾರಿಯೂ ನಾನೂ ಒಟ್ಟಿಗೆ ಸುಮ್ಮನಾಗುತ್ತಿದ್ದೆವು. ಎರಡು ತಿವಿತ ಕಳೆಯುವಷ್ಟರಲ್ಲಿ ದೊಡ್ಡಪ್ಪನೂ ನಾಟಕಕ್ಕೆ ಇಳಿದರು.

"ಬಾಯಿ ಮುಚ್ಚಾ! ಒಳ್ಳೆ ಲಾರಿಗೆ ಕೆಟ್ಟ ಹೆಸರು ತರ್ತಾನೆ ಇವ!" ಅಂದರು, ಬೇಡದಷ್ಟು ಗಟ್ಟಿಯಾಗಿ. ನಟನೆ ಎಷ್ಟು ಕೆಟ್ಟದಾಗಿತ್ತೆಂದರೆ ನನಗೆ ಶಬ್ದ ಮರೆತುಹೋಗುವುದರಲ್ಲಿತ್ತು.

ಎನ್.ಆರ್.ಪುರ ಹತ್ತಿರವಾಯಿತು. ಇನ್ನೊಂದು ತಿರುವು ಕಳೆದರೆ ಗುಜರಿ. ಆಗ ದೊಡ್ಡಮ್ಮ ಡಬ್ಬಿಯ ಮುಚ್ಚಳ ತೆಗೆದರು.

"ಬೆಳಗಿಂದ ಎಂತದೂ ತಿಂದಿಲ್ಲ ನೀನು. ಬಾಯಿ ತೆಗಿ."

"ಬೇಡ ದೊಡ್ಡಮ್ಮ, ಆಮೇಲೆ..."

ಬಾಯಿ ತೆರೆದದ್ದೇ ತಪ್ಪಾಯಿತು. ಒಂದು ಇಡೀ ಹೆಸರುಂಡೆ ಒಳಗೆ ಹೋಯಿತು. ಹೆಸರುಂಡೆ ತಿಂದವರಿಗೆ ಗೊತ್ತು: ಅದು ಅಂಗುಳಕ್ಕೆ ಅಂಟಿ ಕೂತರೆ ಕಾಫಿ ಇಲ್ಲದೆ ಬಿಡುವುದಿಲ್ಲ. ನಾಲಗೆ ಅಲ್ಲಾಡಲಿಲ್ಲ, ತುಟಿ ಸೇರಲಿಲ್ಲ. ಕೆನ್ನೆ ಎರಡೂ ಉಬ್ಬಿದವು.

ಗುಂ... ಗುಂ... ಗುಂ... ಅಂತು ಲಾರಿ.

ದೊಡ್ಡಮ್ಮ ನನ್ನ ಮುಖ ನೋಡಿದರು. ಕಾಲ ಕೆಳಗೆ ನೋಡಿದರು. ದೊಡ್ಡಪ್ಪನ ಕಡೆ ನೋಡಿದರು. ದೊಡ್ಡಪ್ಪ ಎರಡೂ ಕೈಯಲ್ಲಿ ಸ್ಟೇರಿಂಗ್ ಅಪ್ಪಿಕೊಂಡು, ಪರೀಕ್ಷೆಯ ಫಲಿತಾಂಶದ ಬೋರ್ಡಿನ ಮುಂದೆ ನಿಂತ ನನ್ನ ಹಾಗೆ, ನೇರ ಮುಂದೆ ನೋಡುತ್ತಿದ್ದರು. ತಿರುವಿನಾಚೆ ಗುಜರಿಯವನು ಗೇಟಿನಲ್ಲೇ ನಿಂತಿದ್ದ. ನಮ್ಮನ್ನು ಕಂಡು ಕೈ ಮೇಲೆತ್ತಿದ.

ದೊಡ್ಡಮ್ಮ ಡಬ್ಬಿಯ ಮುಚ್ಚಳ ಹಾಕಿ, ಅದು ಗಡಗಡ ಅನ್ನದ ಹಾಗೆ ಅದರ ಮೇಲೆ ಅಂಗೈ ಇಟ್ಟರು.

"ಮೂಗಲ್ಲಿ ಮಾಡ್ತಾನೆ," ಅಂದರು.

ನನ್ನ ಮೂಗಿನ ಹತ್ತಿರ ಮಾತ್ರ ಕೈ ತರಲಿಲ್ಲ. ಆ ಕೈಯನ್ನು ಕಿಟಕಿಯಾಚೆ ಚಾಚಿ, ಗುಜರಿಯವನಿಗೆ ಬೀಳ್ಕೊಡುವ ಹಾಗೆ ಬೀಸಿದರು. ಅವನು ಕೈ ಎತ್ತಿದ್ದು ಎತ್ತಿದ ಹಾಗೇ ಹಿಂದೆ ಉಳಿದ.

ತಮ್ಮನ ಮನೆಯ ಮುಂದೆ ಲಾರಿಯಿಂದ ಇಳಿದಾಗ ಅವನು ಓಡಿಬಂದು ಕೇಳಿದ, "ಅಕ್ಕಾ, ಲಾರಿಯಲ್ಲಿ ಬಂದ್ಯಾ? ತೊಂದರೆ ಆಗ್ಲಿಲ್ವಾ?"

"ಲಾರಿ ಚೆನ್ನಾಗೇ ಬಂತು. ಈ ಮಾಣಿಯದ್ದೇ ಗಲಾಟೆ," ಅಂದರು ದೊಡ್ಡಮ್ಮ. ಸೆರಗು ಸರಿಮಾಡಿಕೊಂಡು, ದೊಡ್ಡಪ್ಪನ ಮುಖ ನೋಡದೆ ಸೇರಿಸಿದರು, "ಮಳೆಗೆ ಮೊದಲು ಶೆಡ್ಡಿನ ಪಕ್ಕಕ್ಕೇ ಒಂದು ಶೀಟು ಇಳಿಸಿ ಕೊಡಿ. ಮಿಷನ್ ಅಲ್ಲಿಗೆ ಹೋಗ್ಲಿ. ಜಗಲಿ ನಂಗೆ ಬೇಕು."

ದೊಡ್ಡಪ್ಪ ಆ ದಿನ ಎರಡು ಸಲ ಪಾಯಸ ಹಾಕಿಸಿಕೊಂಡರು. ಊಟವಾದ ಮೇಲೆ, ಉಳಿದವರು ಚಾಪೆ ಹುಡುಕುತ್ತಿರುವಾಗ, ನಾವಿಬ್ಬರೂ ಮಡಿ ಪಂಚೆ ಬಿಚ್ಚಿಟ್ಟು ಲಾರಿ ಕೆಳಗೆ ನುಸುಳಿದೆವು. ಶಾಫ್ಟು ಇಳಿಸಿ, ಜಾರುವ ತುಂಡನ್ನು ಎಳೆದು, ಎರಡು ತುದಿಯ ಕವಲುಗಳನ್ನೂ ಕಣ್ಣಳತೆಯಲ್ಲಿ ಒಂದೇ ಸಾಲಿಗೆ ತಂದು ಮತ್ತೆ ಕೂರಿಸಿದೆವು. ಈ ಸಲ ದೊಡ್ಡಪ್ಪ ಸೀಮೆಸುಣ್ಣ ತೆಗೆಯಲಿಲ್ಲ. ಉಳಿ ಹಿಡಿದು, ಯಾವ ಸೀಗೆಪುಡಿಗೂ ಹೋಗದ ಹಾಗೆ, ಕಬ್ಬಿಣದ ಮೇಲೇ ಗೀರಿದರು.

ಸಂಜೆ ಹಿಂತಿರುಗುವಾಗ ಅದೇ ಒಳ್ಳೆ ರಸ್ತೆ ಬಂತು. ದೊಡ್ಡಪ್ಪ ಮೆಲ್ಲಗೆ ವೇಗ ಏರಿಸಿದರು. ಸ್ವಲ್ಪ ಹೆಚ್ಚು. ಇನ್ನೂ ಸ್ವಲ್ಪ. ನೆಲದಡಿಯಲ್ಲಿ ಏನೂ ಇಲ್ಲ. ಬರೀ ಎಂಜಿನ್ನಿನ ಹಳೆ ಗೊಣಗಾಟ. ಖಾಲಿ ಡಬ್ಬಿ ದೊಡ್ಡಮ್ಮನ ತೊಡೆಯ ಮೇಲೆ ನಿದ್ದೆ ಹೋದ ಹಾಗಿತ್ತು.

"ಎಂತ ಮಾಣಿ, ಸುಮ್ನೆ ಕೂತೆ?" ಅಂದರು ದೊಡ್ಡಮ್ಮ. "ಹೋಗುವಾಗ ಅಷ್ಟು ಚೆಂದ ಶಬ್ದ ಮಾಡ್ದೆಯಲ್ಲ. ಮಾಡು, ಕೇಳುವ."

ದೊಡ್ಡಪ್ಪನಿಗೆ ಕೆಮ್ಮು ಬಂತು. ನಾನು ಗಂಟಲು ಸರಿಮಾಡಿಕೊಂಡು, ಕಲಿತ ವಿದ್ಯೆಯನ್ನೆಲ್ಲ ಹಾಕಿ, ಒಂದು ಇಡೀ ಏರು ಮುಗಿಯುವ ತನಕ ಗುಂ ಗುಂ ಮಾಡಿದೆ.

ದೊಡ್ಡಮ್ಮ ತಲೆ ಓರೆ ಮಾಡಿ ಕೊನೆಯವರೆಗೂ ಕೇಳಿದರು.

"ಇಲ್ಲ," ಅಂದರು. "ಹೋಗುವಾಗ ಇನ್ನೂ ಚೆನ್ನಾಗಿ ಬಂದಿತ್ತು."